ಅಕ್ಕನ ಜಡೆ ಹೆಣೆದವಳು

ಹೆದರಿಕೆಯ ಕಥೆ ಹೇಳಿಕೊಂಡು ನಿದ್ದೆಗೆಡುವ ಹುಡುಗಿಯರನ್ನು, ಹಾಸ್ಟೆಲ್ ವಾರ್ಡನ್ ಆಗಿದ್ದಷ್ಟು ಕಾಲ ನಾನು ಗದರಿಸಿದ್ದೇನೆ. ಅಂಥದ್ದನ್ನೆಲ್ಲ ನಂಬಿದವಳಲ್ಲ. ಆದ್ದರಿಂದ ಇದನ್ನು ಬರೆಯಲು ಸಂಕೋಚವಾಗುತ್ತದೆ.

ಕೆಲವು ವರ್ಷಗಳ ಹಿಂದೆ ನನ್ನ ಅಕ್ಕ ಕೊಪ್ಪದ ಒಂದು ವೃದ್ಧಾಶ್ರಮದಲ್ಲಿದ್ದಳು. ಮಂಡಿ ಸೋತಿತ್ತು, ಬುದ್ಧಿ ಚುರುಕಾಗಿಯೇ ಇತ್ತು. ನರಸಿಂಹರಾಜಪುರದಿಂದ ನಾನು ತಿಂಗಳ ಎರಡನೇ ಭಾನುವಾರ ತಪ್ಪದೆ ಹೋಗಿ, ಅವಳ ತಲೆಗೆ ಎಣ್ಣೆ ಹಾಕಿ ಜಡೆ ಹೆಣೆದು ಬರುತ್ತಿದ್ದೆ. ಬೇರೆಯವರಿಗೆ ಅವಳು ಕೂದಲು ಮುಟ್ಟಗೊಡುತ್ತಿರಲಿಲ್ಲ. ಒಂದು ತಿಂಗಳು ಜ್ವರ ಬಂದು ನನಗೆ ಹೋಗಲಾಗಲಿಲ್ಲ. ಕೂದಲು ಸಿಕ್ಕುಗಟ್ಟಿತು.

ದಸರಾ ರಜೆಯ ಮುಂಚೆ ಒಂದು ಬುಧವಾರ ಅವಳ ಫೋನ್ ಬಂತು. "ಶನಿವಾರ ನನ್ನ ಕೂದ್ಲು ಕತ್ತರಿಸ್ತಾರಂತೆ ಮಾರಾಯ್ತಿ. ಅಷ್ಟ್ರೊಳಗೆ ಒಂದ್ಸಲ ಬಂದು ಹೆಣೆದು ಹೋಗೆ ಭಾಗ್ಯಾ."

ಭಾನುವಾರ ಎಲ್ಲರೂ ಬರುವುದೆಂದು ನಿಶ್ಚಯವಾಗಿದೆ, ನಡುವೆ ಓಡಾಡಲಾರೆ, ಕೂದಲು ಮತ್ತೆ ಬೆಳೆಯುತ್ತದೆ ಎಂದೆ. ಅವಳು ಫೋನ್ ಇಟ್ಟಳು.

ಭಾನುವಾರ ಮಗ, ಸೊಸೆ, ಮೊಮ್ಮಕ್ಕಳೊಂದಿಗೆ ಹೋದೆ. ಅಕ್ಕನ ಕೂದಲಿಗೆ ಕತ್ತರಿ ಬಿದ್ದಿರಲಿಲ್ಲ. ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದಿತ್ತು. ನಾನು ಎಡಗೈಯವಳು, ಜಡೆಯ ತುದಿಗೆ ನಾನು ಕಟ್ಟುವ ದಾರದ ಗಂಟು ಉಳಿದವರದ್ದಕ್ಕಿಂತ ತಿರುಗುಮುರುಗು. ಅಲ್ಲಿದ್ದದ್ದೂ ಹಾಗೆಯೇ ಇತ್ತು.

ಆರೈಕೆ ಮಾಡುವ ನಸೀಮಾಳನ್ನು ಕೇಳಿದೆ. ಆಕೆ ನಕ್ಕಳು. "ಎಂತ ಅಮ್ಮ, ಶುಕ್ರವಾರ ನೀವೇ ಬಂದು ಹೆಣೆದ್ರಲ್ಲ. ಅದಕ್ಕೇ ನಾವು ಕತ್ರಿ ಹಾಕ್ಲಿಲ್ಲ."

ಶುಕ್ರವಾರ ನಾನು ಮನೆಯ ಹೊಸ್ತಿಲು ದಾಟಿರಲಿಲ್ಲ. ಮಗನೇ ಸಾಕ್ಷಿ. ಬಂದವರ ಪುಸ್ತಕ ತರಿಸಿ ನೋಡಿದೆ. ಆ ದಿನ ಯಾರ ಸಹಿಯೂ ಇರಲಿಲ್ಲ.

ಅಕ್ಕನ ಪಕ್ಕ ಕೂತು ಜಡೆಗೆ ಕೈ ಹಾಕಿದೆ. ಅವಳು ತಲೆ ಸರಿಸಿಕೊಂಡಳು. ಅಪರಿಚಿತರೊಡನೆ ಆಡುವ ಮರ್ಯಾದೆಯ ದನಿಯಲ್ಲಿ, "ಮುಟ್ಬೇಡಿ. ನಮ್ಮ ಭಾಗ್ಯ ಬಂದು ಹೆಣೆದು ಹೋದದ್ದು," ಎಂದಳು.

ಮಗನನ್ನೂ ಮಕ್ಕಳನ್ನೂ ಹೆಸರು ಹಿಡಿದು ಮಾತಾಡಿಸಿದಳು. ನನ್ನನ್ನು ಮಾತ್ರ ಗುರುತಿಸಲಿಲ್ಲ. ಮರುದಿನ ಹೋದೆ, ಅದರ ಮರುದಿನವೂ ಹೋದೆ. ಪ್ರತಿಸಲವೂ "ಯಾರು ಬೇಕಿತ್ತು?" ಎಂದು ಕೇಳಿದಳು. ಡಾಕ್ಟರು ವಯಸ್ಸು ಎಂದರು. ನಸೀಮಾ ಬೇರೆ ಯಾರನ್ನೋ ನಾನೆಂದು ತಿಳಿದಿರಬಹುದು, ಅದನ್ನೂ ಒಪ್ಪುತ್ತೇನೆ. ಆದರೆ ಜಡೆ ಹೆಣೆದ ಕೈ ಯಾರದೆಂಬುದರಲ್ಲಿ ಅಕ್ಕ ತಪ್ಪುವವಳಲ್ಲ.

ದೀಪಾವಳಿಯ ಮುಂಚೆಯೇ ಅವಳು ತೀರಿಕೊಂಡಳು. ಸ್ನಾನ ಮಾಡಿಸುವ ಮೊದಲು ಜಡೆ ಬಿಚ್ಚಬೇಕಿತ್ತು. ಆ ಗಂಟಿಗೆ ಉಳಿದ ಹೆಂಗಸರು ತಡವರಿಸಿದರು. ನನ್ನ ಎಡಗೈ ನೋಡದೆಯೇ ಬಿಚ್ಚಿತು.

ಕಟ್ಟಿದ್ದು ಯಾರೆಂದು ಇಂದಿಗೂ ನನಗೆ ತಿಳಿಯದು. ನನ್ನೊಡನೆ ಆಡಬೇಕಿದ್ದ ಕೊನೆಯ ಮಾತುಗಳನ್ನು ಅಕ್ಕ ಆಡಿದ್ದು ಅವಳೊಡನೆ.