ಜೀವಕೋಶವೋ, ಉಪ್ಪುನೀರೋ

ಹೆಂಡತಿ ತೀರಿಕೊಂಡ ವರ್ಷವೇ ನನಗೆ ಹಾರ್ಟ್ ಅಟ್ಯಾಕ್ ಆಯಿತು. ಊರಿನಿಂದ ದೂರ, ಮಣಿನಗರದ ಉಡುಪಿ ಹೋಟೆಲಿನಲ್ಲಿ ದೋಸೆ ಹೊಯ್ಯುವವ ನಾನು. ಆಮೇಲೆ ಮೂರನೇ ಮಾಳಿಗೆಯ ನಮ್ಮ ಮನೆಗೆ ಹತ್ತಲಾಗದೆ ಹೋಟೆಲಿನಲ್ಲೇ ಮಲಗುತ್ತಿದ್ದೆ. ಅವಳ ಸಾಮಾನೆಲ್ಲ ಮೇಲೆಯೇ ಇತ್ತು.

ಆಸ್ಪತ್ರೆಯ ಡಾಕ್ಟರು ಒಂದು ಹೊಸ ಪ್ರಯೋಗದ ಬಗ್ಗೆ ಹೇಳಿದರು. ಸೊಂಟದ ಎಲುಬಿನ ಮಜ್ಜೆಯಿಂದ ಜೀವಕೋಶ ತೆಗೆದು, ಪೆಟ್ಟಾದ ಹೃದಯಕ್ಕೆ ಬಿಡುತ್ತಾರಂತೆ. ಆದರೆ ಹೋಲಿಸಿ ನೋಡಲಿಕ್ಕೆ ಕೆಲವರಿಗೆ ಬರೀ ಉಪ್ಪುನೀರು. ಯಾರಿಗೆ ಯಾವುದು ಎಂದು ಹೇಳುವುದಿಲ್ಲ. ಮನೆಗೆ ಹತ್ತಿದರೆ ಸಾಕೆಂದು ನಾನು ಒಪ್ಪಿದೆ.

ಆಸ್ಪತ್ರೆಯಲ್ಲಿ ಪಕ್ಕದ ಮಂಚದಲ್ಲಿ ಸೂರತ್ತಿನ ಸೀರೆ ವ್ಯಾಪಾರಿಯೊಬ್ಬರು; ಎಲ್ಲರೂ ಅವರನ್ನು ಕಾಕಾ ಅನ್ನುತ್ತಿದ್ದರು. ಅವರಿಗೂ ಇದೇ ಚಿಕಿತ್ಸೆ. ಎಲ್ಲ ಮುಗಿದ ಮೇಲೆ ಅವರು ಡಾಕ್ಟರನ್ನು ಬಿಡಲಿಲ್ಲ.

“ಸಾಹೇಬ್, ನನಗೆ ಹಾಕಿದ್ದೇನು? ಕಿವಿಯಲ್ಲಿ ಹೇಳಿದರೆ ಸಾಕು.”

“ನನಗೂ ಗೊತ್ತಿಲ್ಲ ಕಾಕಾ.”

ಕಾಕಾ ನನ್ನ ಕಡೆ ತಿರುಗಿದರು. “ಕೇಳಿದಿರಾ ಅಣ್ಣಾ? ನಿಮ್ಮ ಹೋಟೆಲಿನಲ್ಲಿ ಬಡಿಸುವವ ಹೀಗೆ ಹೇಳಿದರೆ?”

“ಬಡಿಸಿದ್ದು ಸಾಂಬಾರೋ ನೀರೋ ಗೊತ್ತಿಲ್ಲ ಅಂದರೆ ನಮ್ಮ ಧಣಿ ಅವನನ್ನು ಆಗಲೇ ಊರಿಗೆ ಕಳಿಸುತ್ತಾರೆ,” ಎಂದೆ.

ಡಾಕ್ಟರೂ ನಕ್ಕರು. ಹೆಂಡತಿ ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಅಲ್ಲಲ್ಲಿ ಕೂತು, ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದೆ. ಅವಳ ಸೀರೆಗಳನ್ನು ಬಿಸಿಲಿಗೆ ಹಾಕಿದೆ. ಆಮೇಲೆ ಕಾಕಾಗೆ ಫೋನು ಮಾಡಿ, ಮೆಟ್ಟಿಲು ಹತ್ತಿದ್ದನ್ನು ಹೇಳಿದೆ.

“ಹಾಗಾದರೆ ಅಸಲಿ ಮಾಲು ನಿಮಗೇ ಹೋಗಿದೆ,” ಎಂದು ಗೊಣಗಿದರು.

ಅವರು ಆಗಲೇ ಅಂಗಡಿಯಲ್ಲಿದ್ದರು. ಒಬ್ಬ ಗಿರಾಕಿಯ ಜೊತೆ ಗಟ್ಟಿಯಾಗಿ ಚೌಕಾಸಿ ಮಾಡುತ್ತಲೇ ನನ್ನೊಡನೆ ಮಾತಾಡಿದರು. ಅವರಿಗೆ ಬಿಟ್ಟದ್ದು ನೀರೇ ಆಗಿದ್ದರೆ, ಒಳ್ಳೆಯ ನೀರೇ ಇರಬೇಕು.