ಶಾಯಿಗೆ ಮೌನ ಕಲಿಸಿದ್ದು

ನಮ್ಮ ಚಿಕ್ಕಪ್ಪನ ಕಿವಿ ಅರ್ಧ ಕಿವುಡಾಗಿದ್ದು ಪ್ರೆಸ್ಸಿನಲ್ಲೇ. ಮೀಸೆ ಮೂಡಿದಾಗಿನಿಂದ ಅಚ್ಚಿನ ಯಂತ್ರದ ಪಕ್ಕ ನಿಂತು ದುಡಿದವನು. 'ಊಟ ಆಯ್ತಾ?' ಅಂತ ನನ್ನನ್ನು ಕೇಳಿದರೆ ಪಕ್ಕದ ಬೀದಿಯವರು 'ಆಯ್ತು' ಅನ್ನಬೇಕು, ಅಂಥ ಗಂಟಲು. ಪ್ರೆಸ್ಸು ಮುಚ್ಚಿದ ದಿನ ಉಳಿದವರೆಲ್ಲ ನೆನಪಿಗೆ ಅಂತ ಗಡಿಯಾರ, ಕುರ್ಚಿ ಹೊತ್ತುಕೊಂಡು ಹೋದರೆ, ಈ ಪುಣ್ಯಾತ್ಮ ಅಂಗಿಯೊಳಗೆ ಒಂದು ಕರಿ ನಾಯಿಮರಿ ಇಟ್ಟುಕೊಂಡು ಬಂದ.

ಯಂತ್ರದ ಹಿಂದೆ, ಕಾಗದದ ಚೂರಿನ ರಾಶಿಯಲ್ಲಿ ಹುಟ್ಟಿದ ಮರಿ. ಕಣ್ಣು ಬಿಡುವ ಮೊದಲೇ ತಾಯಿ ರಸ್ತೆಯಲ್ಲಿ ಸತ್ತಿತ್ತು. ಚಿಕ್ಕಪ್ಪ ಬಟ್ಟೆ ಅದ್ದಿ ಅದ್ದಿ ಹಾಲು ಚೀಪಿಸಿ, ಆ ಗದ್ದಲದ ನಡುವೆಯೇ ಬದುಕಿಸಿದ್ದ. ಶಾಯಿ ಅಂತ ಹೆಸರಿಟ್ಟ. "ಇದೊಂದು ಬಾಕಿ ಇತ್ತು" ಅಂತ ಗೊಣಗಿದ ಚಿಕ್ಕಮ್ಮನೇ ಹಳೆಯ ಹೊದಿಕೆ ಮಡಚಿ ಹಾಸಿದಳು.

ಮನೆಗೆ ಬಂದ ಮೇಲೆ ಶುರುವಾಯಿತು ನೋಡಿ ರಗಳೆ! ಮಧ್ಯಾಹ್ನ ಮನೆ ತಣ್ಣಗಾದರೆ ಸಾಕು, ಶಾಯಿ ಮಂಚದಡಿ ತೂರಿ, ನಡುಗುತ್ತಾ ಊಳಿಡುತ್ತಿತ್ತು. ಕೆಳಗಿನ ಮನೆಯ ಓನರಮ್ಮ ನರ್ಸು. ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವರು. ಕಣ್ಣು ಕೆಂಪಗೆ ಮಾಡಿಕೊಂಡು ಮೇಲೆ ಬಂದರು.

"ಅಣ್ಣಾ, ನಿಮ್ಮ ನಾಯಿ ಊಳಿಡೋದು ಕೇಳಿಸ್ತಿಲ್ವಾ?"

"ಇಲ್ವಲ್ಲಮ್ಮಾ! ಪಾಪ, ಸದ್ದೇ ಮಾಡಲ್ಲ ಅದು!" ಅಂದ ಚಿಕ್ಕಪ್ಪ, ಬೀದಿಗೆಲ್ಲ ಕೇಳುವ ಹಾಗೆ. ನಿಜವಾಗಿಯೂ ಅವನಿಗೆ ಕೇಳಿಸಿರಲಿಲ್ಲ.

"ತಿಂಗಳ ಕೊನೆವರೆಗೆ ನೋಡ್ತೀನಿ. ಆಮೇಲೆ ಯಾರಿಗಾದ್ರೂ ಕೊಟ್ಬಿಡಿ. ನನಗೂ ನಿದ್ದೆ ಬೇಕಲ್ಲ."

ಅವರ ತಪ್ಪೇನಿದೆ? ಚಿಕ್ಕಪ್ಪನ ಮುಖ ಮಾತ್ರ ಬಾಡಿಹೋಯಿತು.

"ಗದ್ದಲ ಕೇಳಿ ಕೇಳಿ ಮರಿಗೆ ಸಾಕಾಗಿದೆ, ನನ್ನ ಹಾಗೇ" ಅಂತ ತೀರ್ಪು ಕೊಟ್ಟ. ಜೀವಮಾನವಿಡೀ ನಿಶ್ಶಬ್ದಕ್ಕೆ ಹಂಬಲಿಸಿದವನು, ತನ್ನ ಆಸೆಯನ್ನೇ ನಾಯಿಯ ತಲೆಗೆ ಕಟ್ಟಿದ. ಕಿಟಕಿ ಮುಚ್ಚಿಸಿದ, ರೇಡಿಯೊ ಆರಿಸಿದ, ನನ್ನ ಚಪ್ಪಲಿ ಸದ್ದಿಗೂ ಬೈದ. ಕಳ್ಳರ ಹಾಗೆ ತುದಿಗಾಲಲ್ಲಿ ಓಡಾಡಿದೆವು. ಶಾಯಿ ಇನ್ನೂ ಜೋರಾಗಿ ಊಳಿಟ್ಟಿತು, ಊಟ ಬಿಟ್ಟಿತು. ಚಿಕ್ಕಪ್ಪನೂ ತಟ್ಟೆ ಸರಿಸತೊಡಗಿದ.

ಅವನನ್ನೂ ಮರಿಯನ್ನೂ ಪ್ರಾಣಿಗಳ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದೆ. ಹುಟ್ಟಿದ್ದೆಲ್ಲಿ ಅಂತ ಕೇಳಿ ಅವರು ನಕ್ಕರು.

"ಮೊದಲ ಕೆಲವು ವಾರ ಏನು ಕೇಳ್ತಾವೋ, ನೋಡ್ತಾವೋ, ಮರಿಗಳಿಗೆ ಅದೇ ಪ್ರಪಂಚ. ಆಗ ಕಾಣದೇ ಇದ್ದಿದ್ದು ಆಮೇಲೆ ಹೆದರಿಸುತ್ತೆ. ಇದಕ್ಕೆ ಗದ್ದಲವೇ ತೊಟ್ಟಿಲು. ಹೆದರಿಕೆ ಇರೋದು ಮೌನಕ್ಕೆ! ಇನ್ನೂ ಚಿಕ್ಕದು, ಕಲಿಯುತ್ತೆ. ಚೂರು ಚೂರೇ ಅಭ್ಯಾಸ ಮಾಡಿಸಿ."

"ಅಯ್ಯೋ ನನ್ನ ಬುದ್ಧಿಗಿಷ್ಟು!" ಚಿಕ್ಕಪ್ಪ ಹಣೆ ಚಚ್ಚಿಕೊಂಡ.

ಓನರಮ್ಮ ಡ್ಯೂಟಿಗೆ ಹೊರಟಿದ್ದೇ ತಡ, ಬಟ್ಟೆ ಒಗೆಯುವ ಹಳೆಯ ಮಷಿನ್ ಹಾಕಿದ. ಅದು ಗಡಗಡ ಅಂತು. ಶಾಯಿ ಹೊರಬಂದು ಅದಕ್ಕೆ ಬೆನ್ನು ಒತ್ತಿ ಗೊರಕೆ ಹೊಡೆಯಿತು. ಸದ್ಯ, ಅಂದುಕೊಂಡೆವು. ಹಗಲಿಗೆ ಕಟಕಟ ಅನ್ನುವ ಟೇಬಲ್ ಫ್ಯಾನು. ಮರಿ ಮಲಗಿದ ಮೇಲೆ ಚೂರು ಹೊತ್ತು ಫ್ಯಾನು ನಿಲ್ಲಿಸುವುದು, ಹೆದರುವ ಮೊದಲೇ ಮತ್ತೆ ಹಾಕುವುದು. ಮುಲುಗಿದರೆ ಕೇಳಿಸದಲ್ಲ, ಅದಕ್ಕೆ ಚಿಕ್ಕಪ್ಪ ಅದರ ಬೆನ್ನ ಮೇಲೆ ಅಂಗೈ ಇಟ್ಟುಕೊಂಡೇ ಕೂರುತ್ತಿದ್ದ. ಸಣ್ಣ ನಡುಕವೂ ಕೈಗೆ ಗೊತ್ತಾಗುತ್ತಿತ್ತು. ಪ್ರೆಸ್ಸಿನಲ್ಲಿ ಯಂತ್ರ ಕೆಟ್ಟಾಗಲೂ ಹೀಗೇ ಕಂಡುಹಿಡಿಯುತ್ತಿದ್ದನಂತೆ. ಬರಬರುತ್ತಾ ಫ್ಯಾನು ನಿಂತಿರುವ ಹೊತ್ತೇ ಹೆಚ್ಚಾಯಿತು.

ತಿಂಗಳ ಕೊನೆಗೆ ಓನರಮ್ಮ ಬಾಗಿಲು ತಟ್ಟಿದರು.

"ಕೊಟ್ಟೇ ಬಿಟ್ರಾ ಅಣ್ಣಾ?" ಮುಖ ಸಣ್ಣಗಾಗಿತ್ತು. "ಸದ್ದೇ ಇಲ್ಲ. ಏನೋ ಸಿಟ್ಟಲ್ಲಿ ಅಂದಿದ್ದು ನಾನು..."

ಚಿಕ್ಕಮ್ಮ ಕೋಣೆಯ ಬಾಗಿಲು ತಳ್ಳಿದಳು. ಫ್ಯಾನು ನಿಂತಿತ್ತು. ಶಾಯಿ ಹೊಟ್ಟೆ ಮೇಲೆ ಮಾಡಿ, ಕಾಲು ಚೆಲ್ಲಿ ಮಲಗಿತ್ತು.

ಓನರಮ್ಮ ಹೊಸ್ತಿಲಲ್ಲೇ ಕೂತುಬಿಟ್ಟರು. "ಸದ್ಯ! ನನ್ನಿಂದ ಮರಿ ಬೀದಿಪಾಲಾಯ್ತೇನೋ ಅಂತ ಒಂದು ವಾರದಿಂದ ಕಣ್ಣಿಗೆ ನಿದ್ದೆ ಹತ್ತಿಲ್ಲ ಕಣ್ರೀ."

ಚಿಕ್ಕಪ್ಪ ಗೋಡೆಗೊರಗಿ ಗಳಗಳ ಅತ್ತುಬಿಟ್ಟ.