ಉಯ್ಯಾಲೆಯ ಕೆಳಗಿನ ನೆಲ

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದರ ಹಿಂದೊಂದು ಮಳೆಗಾಲ ಕೈಕೊಟ್ಟಿತು. ಹಾಸನದ ಹೊಸ ಬಡಾವಣೆಗಳಲ್ಲಿ ಬೋರ್‌ವೆಲ್‌ಗಳು ಬತ್ತತೊಡಗಿದವು. ಅರಕಲಗೂಡಿನಿಂದ ಬಂದು, ತೋಟಗಾರಿಕೆ ಓದಿ, ಮನೆಗಳ ಮುಂದೆ ಹುಲ್ಲುಹಾಸು ಮಾಡಿಕೊಡುತ್ತಿದ್ದವಳು ನಾನು. ಈಗ ಅದೇ ಜನ ಹುಲ್ಲು ಕಿತ್ತುಹಾಕಿ, ಹೆಚ್ಚು ನೀರು ಕೇಳದ ಗಿಡ ನೆಟ್ಟುಕೊಡಿ ಅಂತ ಕರೆಯತೊಡಗಿದರು.

ಹಾಗೆ ಕರೆದವರಲ್ಲಿ ಒಬ್ಬರು ಇಂಜಿನಿಯರು. ನಲವತ್ತರ ಆಸುಪಾಸಿನವರು. ಹೆಂಡತಿ ಹೈಸ್ಕೂಲು ಟೀಚರು. ನಾನು ಹೋದಾಗ ಇಂಜಿನಿಯರು ಆಫೀಸಿನ ಬಟ್ಟೆಯಲ್ಲೇ ಪೈಪು ಹಿಡಿದು ನಿಂತಿದ್ದರು. ಅಂಗಳದ ಹುಲ್ಲೆಲ್ಲ ಒಣಗಿ ಕಂದು ತಿರುಗಿತ್ತು. ಅವರು ನೀರು ಬಿಡುತ್ತಿದ್ದದ್ದು ಮಾತ್ರ ಹುಲ್ಲೇ ಇಲ್ಲದ, ಚಾಪೆಯಗಲದ ಬೋಳು ನೆಲಕ್ಕೆ.

"ಏನು ಮಾಡಿದರೂ ಇಲ್ಲಿ ಹುಲ್ಲು ಹಿಡಿಯಲ್ಲ ಮೇಡಂ," ಅಂದರು. "ಗೊಬ್ಬರ ಹಾಕಿದೆ, ಟ್ಯಾಂಕರ್ ನೀರು ತರಿಸಿ ಬಿಟ್ಟೆ. ಸಾಕಾಯ್ತು. ಇಲ್ಲಿಗೆ ಕಲ್ಲು ಚಪ್ಪಡಿ ಹಾಸಿಬಿಡಿ. ಈ ಜಾಗ ಕಾಣಬಾರದು."

ಕಾರಣವನ್ನೂ ಅವರೇ ಹೇಳಿದರು, ನನ್ನ ಮುಖ ನೋಡದೆ. ಅಲ್ಲಿ ಮಗಳ ಉಯ್ಯಾಲೆ ಇತ್ತು. ನೆಲಕ್ಕೆ ಕಾಲು ಒದ್ದೂ ಒದ್ದೂ ಹುಲ್ಲು ಸವೆದಿತ್ತು. ಮೆದುಳುಜ್ವರ ಬಂದು ಹುಡುಗಿ ಹೋಗಿಬಿಟ್ಟಳು. ಮರುವಾರವೇ ಉಯ್ಯಾಲೆ ಬಿಚ್ಚಿಸಿದರು. ನೆಲ ಹಾಗೇ ಉಳಿಯಿತು.

ಅಳತೆ ತೆಗೆಯಲು ಇನ್ನೊಂದು ದಿನ ಮಧ್ಯಾಹ್ನ ಹೋದೆ. ಗೇಟು ತೆರೆದೇ ಇತ್ತು. ಟೀಚರು ನನಗೆ ಬೆನ್ನು ಮಾಡಿ, ಆ ಬೋಳು ನೆಲದ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದರು. ಗಂಡ ಬಿಟ್ಟ ನೀರಿಗೆ ಅಲ್ಲಲ್ಲಿ ಎದ್ದಿದ್ದ ಹಸಿರು ಎಸಳುಗಳನ್ನು ಹುಡುಕಿ ಹುಡುಕಿ ಕೀಳುತ್ತಿದ್ದರು, ಮಗುವಿನ ತಲೆಯಲ್ಲಿ ಹೇನು ನೋಡುವವರ ಹಾಗೆ, ಅಷ್ಟು ಮೆತ್ತಗೆ. ಕಿತ್ತ ಜಾಗವನ್ನು ಅಂಗೈಯಿಂದ ಸವರುತ್ತಿದ್ದರು. ನನ್ನನ್ನು ಕಂಡು ಗಾಬರಿಯಾದರು.

"ಅವರಿಗೆ ಹೇಳಬೇಡಿ. ಹುಲ್ಲು ಬಂದರೆ ಅವಳ ಕಾಲಿನ ಗುರುತು ಹೋಗಿಬಿಡುತ್ತೆ."

ಆಗ ಗಮನಿಸಿದೆ. ಮಣ್ಣಿನಲ್ಲಿ ಅಕ್ಕಪಕ್ಕ ಎರಡು ಸಣ್ಣ ತಗ್ಗುಗಳಿದ್ದವು. ಅಳತೆ ಟೇಪು ಬಿಚ್ಚದೆ ವಾಪಸು ಬಂದೆ.

ಕೆಲಸ ಶುರುವಾದ ಬೆಳಿಗ್ಗೆ ಗೇಟಿನ ಹತ್ತಿರ ಜಲ್ಲಿ ಇಳಿಸಿಕೊಳ್ಳುತ್ತಿದ್ದೆ. ಮಲ್ಲಿಪಟ್ಟಣದಿಂದ ಬರುತ್ತಿದ್ದ ನಮ್ಮ ಆಳು ಓಡಿಬಂದ. "ಅಕ್ಕಾ, ಅಮ್ಮಾವ್ರು ಅಲ್ಲೇ ಕುಂತ್ಬುಟ್ಟವ್ರೆ. ಏಳಿ ಅಂದ್ರೆ ಏಳಾಕಿಲ್ಲ. ಗುದ್ದಲಿ ಎಂಗ್ ಆಕಾದು?"

ನಾನು ಹೋಗುವಷ್ಟರಲ್ಲಿ ಗಂಡ ಹೊರಗೆ ಬಂದಿದ್ದರು. "ಏಳೇ, ಜನ ನೋಡ್ತಾರೆ."

"ನೋಡಲಿ. ನೀವು ಬೆಳೆಸಿದ್ದನ್ನೆಲ್ಲ ಕಿತ್ತಿದ್ದು ನಾನೇ. ಒಂದೆಸಳೂ ಬಿಟ್ಟಿಲ್ಲ."

ಆತ ರೇಗಬಹುದು ಅಂದುಕೊಂಡೆ. ಬದಲಿಗೆ ಹೆಂಡತಿಯ ಪಕ್ಕದಲ್ಲೇ ಕುಸಿದು ಕೂತರು.

"ಮಣ್ಣು ಕೆಟ್ಟಿದೆ ಅಂದ್ಕೊಂಡಿದ್ದೆ ಕಣೇ," ಅಂದರು. "ಕಿಟಕಿಯಿಂದ ನೋಡಿದರೆ ಅವಳು ಇನ್ನೂ ಇಲ್ಲೇ ಇದ್ದ ಹಾಗೆ ಕಾಣುತ್ತೆ. ನನ್ನ ಕೈಲಿ ಆಗಲ್ಲ."

"ನನಗೂ ಕಾಣುತ್ತೆ," ಅಂದರು ಟೀಚರು. "ಅದಕ್ಕೇ ಕೀಳೋದು."

ಅಷ್ಟು ದಿನ ಒಂದೇ ಮನೆಯಲ್ಲಿದ್ದೂ ಅವರು ಇದನ್ನು ಮಾತಾಡಿಕೊಂಡಿರಲಿಲ್ಲ. ಆತ ನನ್ನ ಕಡೆ ತಲೆಯೆತ್ತಿ, "ಇದೊಂದು ಬಿಟ್ಟು ಮಿಕ್ಕಿದ್ದು ಮಾಡಿ," ಅಂದರು.

ಹಾಗೇ ಮಾಡಿದೆವು. ಸುತ್ತ ಜಲ್ಲಿ ಹಾಸಿ ಕಣಗಿಲೆ, ನಿತ್ಯಪುಷ್ಪ, ಕತ್ತಾಳೆ ನೆಟ್ಟೆವು. ತಾರಸಿಯ ನೀರಿಗೆ ಮೂಲೆಯಲ್ಲಿ ಇಂಗುಗುಂಡಿ ತೋಡಿದೆವು. ಮೊದಲ ಮಳೆ ಬಂದು ನಿಂತ ಸಂಜೆ, ಗುಂಡಿ ನೋಡಲು ಹೋದೆ. ಗಂಡಹೆಂಡತಿ ಜಗುಲಿಯಲ್ಲಿ ನಿಂತಿದ್ದರು. ಬೋಳು ನೆಲದ ಎರಡು ತಗ್ಗುಗಳಲ್ಲೂ ನೀರು ನಿಂತಿತ್ತು. ಗಾಳಿ ಇರಲಿಲ್ಲ, ಎಲೆ ಅಲುಗುತ್ತಿರಲಿಲ್ಲ. ಒಂದು ತಗ್ಗಿನ ನೀರು ನಡುಗಿತು, ಹಿಂದೆಯೇ ಇನ್ನೊಂದರದ್ದೂ. ಟೀಚರು ಗಂಡನ ತೋಳು ಹಿಡಿದುಕೊಂಡರು.

ಕೆಲವು ವರ್ಷಗಳ ಮೇಲೆ ಇಂಜಿನಿಯರಿಗೆ ಚನ್ನರಾಯಪಟ್ಟಣಕ್ಕೆ ವರ್ಗವಾಯಿತು. ಮನೆ ಕೊಂಡವರು ಕಾರು ನಿಲ್ಲಿಸಲು ಅಂಗಳಕ್ಕೆಲ್ಲ ಸಿಮೆಂಟು ಹಾಕಿಸಿದರು.

ಈಚೆಗೆ ಹೊಳೆನರಸೀಪುರದ ಕಡೆ ಕೆಲಸ ಜಾಸ್ತಿ. ಯಾರಾದರೂ ಮಕ್ಕಳಿಗೆ ಉಯ್ಯಾಲೆ ಬೇಕೆಂದರೆ ಕೆಳಗೆ ದಪ್ಪಗೆ ಮರಳು ಸುರಿಸುತ್ತೇನೆ. ಮರಳಿನಲ್ಲಿ ಕಾಲಿನ ಗುರುತು ಹೆಚ್ಚು ದಿನ ನಿಲ್ಲುವುದಿಲ್ಲ. ಮನೆಯವರಿಗೆ ಮಾತ್ರ, ಬಿದ್ದರೆ ಪೆಟ್ಟಾಗದಿರಲಿ ಅಂತ ಹೇಳುತ್ತೇನೆ.